ನೆಲಕ್ಕೆ ಹಾಸಿದ ಹತ್ತಿಬಟ್ಟೆ: ಹೆಲೆನ್ ಫ್ರ್ಯಾಂಕೆನ್‌ಥಾಲರ್ ಹೊಸದಾಗಿ ಮಾಡಿದ್ದೇನು?

ಬಿಳಿಹಾಳೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಮೂರ್ತ ಅಭಿವ್ಯಕ್ತಿವಾದದ (ವಸ್ತುಗಳ ರೂಪದ ಬದಲು ಬಣ್ಣ, ಗೆರೆ, ಕೈಚಲನೆಗಳಿಂದಲೇ ಭಾವ ತೋರಿಸುವ ಕಲಾಪಂಥದ) ಬಗ್ಗೆ ಓದುವಾಗಲೆಲ್ಲ ನನ್ನನ್ನು ಕಾಡುವ ಒಂದು ಪ್ರಶ್ನೆಯನ್ನು ಇಲ್ಲಿನ ಚಿತ್ರಕಾರರ ಮುಂದಿಡುತ್ತಿದ್ದೇನೆ. ಹೆಲೆನ್ ಫ್ರ್ಯಾಂಕೆನ್‌ಥಾಲರ್ ಎಂಬ ಚಿತ್ರಕಾರ್ತಿ 1952ರ ಅಕ್ಟೋಬರಿನಲ್ಲಿ, ಇನ್ನೂ 23 ವರ್ಷದವರಿದ್ದಾಗ, ನ್ಯೂಯಾರ್ಕಿನ ಸ್ಟುಡಿಯೋ ಒಂದರ ನೆಲದ ಮೇಲೆ ಲೇಪವಿಲ್ಲದ ಬರಿಯ ಹತ್ತಿಬಟ್ಟೆಯನ್ನು ಹಾಸಿ, ನೀರಿನಂತೆ ತೆಳುವಾಗಿಸಿದ ತೈಲವರ್ಣವನ್ನು ಅದರ ಮೇಲೆ ಸುರಿದು ‘ಮೌಂಟನ್ಸ್ ಅಂಡ್ ಸೀ’ ಎಂಬ ಚಿತ್ರವನ್ನು ಮಾಡಿದರು. ಅದೊಂದು ದೊಡ್ಡ ತಿರುವು ಎಂದು ನಾನು ಓದಿದ ಪುಸ್ತಕಗಳೆಲ್ಲವೂ ಹೇಳುತ್ತವೆ.

ನನ್ನ ಗೊಂದಲ ಇಷ್ಟೆ. ಅದೇ ಪಂಥದ ಚಿತ್ರಕಾರ ಜಾಕ್ಸನ್ ಪೊಲಾಕ್ 1947ರಿಂದಲೇ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತಲೂ ಓಡಾಡುತ್ತ, ಕೋಲಿನಿಂದಲೂ ಡಬ್ಬಿಯಿಂದಲೂ ಬಣ್ಣವನ್ನು ಸುರಿಯುತ್ತಿದ್ದರು. ಫ್ರ್ಯಾಂಕೆನ್‌ಥಾಲರ್ 1950ರಲ್ಲಿ ಬೆಟಿ ಪಾರ್ಸನ್ಸ್ ಗ್ಯಾಲರಿಯಲ್ಲಿ ಪೊಲಾಕ್ ಅವರ ಚಿತ್ರಗಳನ್ನು ಕಂಡು ಬೆರಗಾದವರು. ಆಮೇಲೆ ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್‌ನಲ್ಲಿದ್ದ ಅವರ ಮನೆಗೂ ಹೋಗಿಬಂದವರು. ನೆಲ, ಸುರಿಯುವುದು, ಕುಂಚವನ್ನು ಬದಿಗಿಡುವುದು, ಇವೆಲ್ಲ ಅಲ್ಲಿಂದಲೇ ಬಂದವು. ಹಾಗಾದರೆ ಇವರು ಹೊಸದಾಗಿ ಮಾಡಿದ್ದೇನು? ಪೊಲಾಕ್ ಅವರ ವಿಧಾನವನ್ನೇ ತುಸು ನೀರಾಗಿಸಿದ್ದಕ್ಕೆ ಇಷ್ಟು ದೊಡ್ಡ ಹೆಸರೇ? ಕೆಣಕಲೆಂದು ಕೇಳುತ್ತಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳುತ್ತಿದ್ದೇನೆ.

ಇದ್ದಿಲುಗೆರೆ

ಬಿಳಿಹಾಳೆ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದುದು ಕೈಯ ಚಲನೆಯಲ್ಲಿ ಅಲ್ಲ, ಬಟ್ಟೆಯಲ್ಲಿ. ನಾನು ಚಿತ್ರ ಬರೆಯುವವನು, ಅಲ್ಪಸ್ವಲ್ಪ ಕಲಿಸುವವನೂ ಹೌದು. ಆದ್ದರಿಂದ ಸ್ವಲ್ಪ ಮೂಲದಿಂದಲೇ ಶುರುಮಾಡುತ್ತೇನೆ.

ಯುರೋಪಿನ ತೈಲವರ್ಣದ ಪರಂಪರೆಯಲ್ಲಿ ಸಾಮಾನ್ಯವಾಗಿ ಯಾರೂ ಬರಿಯ ಬಟ್ಟೆಯ ಮೇಲೆ ನೇರವಾಗಿ ಬಣ್ಣ ಹಚ್ಚುತ್ತಿರಲಿಲ್ಲ. ಮೊದಲು ಸರೇಸನ್ನು ಬಳಿದು ನೂಲಿನ ಸಂದುಗಳನ್ನು ಮುಚ್ಚುತ್ತಿದ್ದರು, ಅದರ ಮೇಲೆ ಬಿಳಿಯ ಲೇಪವೊಂದನ್ನು ಕೊಟ್ಟು ಒಣಗಿಸುತ್ತಿದ್ದರು, ಚಿತ್ರ ಶುರುವಾಗುತ್ತಿದ್ದುದು ಅದರ ಮೇಲೆ. ಹೀಗಾಗಿ ನೋಡುವವರ ಕಣ್ಣಿಗೆ ಬೀಳುತ್ತಿದ್ದುದು ಬಟ್ಟೆಯಲ್ಲ. ಬಟ್ಟೆಯ ಮೇಲಿನ ಗಟ್ಟಿ ಪದರ, ಅದರ ಮೇಲೆ ಕುಳಿತ ಬಣ್ಣ. ಪೊಲಾಕ್ ಲೇಪವಿಲ್ಲದ ಕ್ಯಾನ್ವಾಸನ್ನು ಬಳಸಿದ್ದು ನಿಜ. ಆದರೆ ಅವರ ಹೆಸರಾಂತ ಚಿತ್ರಗಳಲ್ಲಿ ಗೋಡೆ, ಬಾಗಿಲಿಗೆ ಬಳಿಯುವ ಎನಾಮೆಲ್ ಬಣ್ಣ ಎಳೆಯೆಳೆಯಾಗಿ ಒಂದರ ಮೇಲೊಂದು ಬಿದ್ದು, ಉಬ್ಬಿ, ಹೆಪ್ಪುಗಟ್ಟಿ ನಿಲ್ಲುತ್ತದೆ. ಅಲ್ಲಿ ಸುರಿತದಿಂದ ಹುಟ್ಟುವುದು ಗೆರೆ. ಕೈ ಎಷ್ಟು ವೇಗದಲ್ಲಿ, ಯಾವ ದಿಕ್ಕಿನಲ್ಲಿ ಬೀಸಿತು ಎಂಬುದರ ದಾಖಲೆಯಾಗಿ ಆ ಗೆರೆ ಉಳಿಯುತ್ತದೆ.

ಫ್ರ್ಯಾಂಕೆನ್‌ಥಾಲರ್ ಗಮನವಿಟ್ಟು ನೋಡಿದ್ದು ಬಣ್ಣ ಬಟ್ಟೆಯೊಳಕ್ಕೆ ಇಳಿದುಹೋದ ಜಾಗಗಳನ್ನು. 1951ರಲ್ಲಿ ಪೊಲಾಕ್ ಬರೀ ಕಪ್ಪು ಬಣ್ಣದಲ್ಲಿ ಕೆಲವು ಚಿತ್ರಗಳನ್ನು ಮಾಡಿದರು; ಅವುಗಳಲ್ಲಿ ಅಲ್ಲಲ್ಲಿ ಕಪ್ಪು ಹತ್ತಿಯಲ್ಲಿ ಹೀರಿಕೊಂಡು ಅಂಚು ಮಸುಕಾಗಿದೆ. ಪೊಲಾಕ್ ಪಾಲಿಗೆ ಅದು ಗೆರೆಯ ಬೆನ್ನಿಗೆ ಬಂದ ಪರಿಣಾಮವಾಗಿತ್ತು. ಇವರು ಆ ಇಂಗುವಿಕೆಯನ್ನೇ ಚಿತ್ರದ ಮುಖ್ಯ ಕ್ರಿಯೆಯನ್ನಾಗಿ ಮಾಡಿಕೊಂಡರು. ತೈಲವರ್ಣಕ್ಕೆ ಟರ್ಪೆಂಟೈನನ್ನೂ ಸೀಮೆಎಣ್ಣೆಯನ್ನೂ ಬೆರೆಸಿ, ಕಾಫಿ ಡಬ್ಬಿಗಳಲ್ಲಿ ತುಂಬಿಕೊಂಡು, ‘ಡಕ್’ ಎಂದು ಕರೆಯುವ ದಪ್ಪ ಹತ್ತಿಬಟ್ಟೆಯ ಮೇಲೆ ಸುರಿದರು. ಹರಿಯುವ ಬಣ್ಣವನ್ನು ಸ್ಪಂಜು ಮತ್ತು ಕುಂಚಗಳಿಂದ ಅಲ್ಲಲ್ಲಿ ತಡೆದರು, ಅಲ್ಲಲ್ಲಿ ದಾರಿ ತೋರಿಸಿದರು. ಒಗೆದು ಒಣಗಿಸಿದ ಪಂಚೆಯ ಮೇಲೆ ಎಲೆಯಡಿಕೆಯ ರಸ ಬಿದ್ದರೆ ಅದು ಮೇಲೆ ಕುಳಿತಿರುತ್ತದೆಯೇ, ಒಳಗಿರುತ್ತದೆಯೇ ಎಂದು ಯಾರೂ ಕೇಳುವುದಿಲ್ಲವಷ್ಟೆ. ಹಾಗೆಯೇ ಇಲ್ಲಿ ಬಣ್ಣವೂ ನೂಲೂ ಒಂದೇ ಆಗಿಬಿಡುತ್ತವೆ. ಬಣ್ಣಕ್ಕೆ ದಪ್ಪವಿಲ್ಲ, ಹೊಳಪಿಲ್ಲ, ಕುಂಚದ ಜಾಡಿಲ್ಲ, ಸಾಮಾನ್ಯವಾಗಿ ಕೈಬರಹದಂತೆ ಉಳಿಯುವ ಕಲಾವಿದರ ಗುರುತೂ ಇಲ್ಲ.

ಇದಕ್ಕಿಂತ ಮುಖ್ಯವಾದುದು ಬಣ್ಣ ಬೀಳದ ಜಾಗ. ಲೇಪ ಹಚ್ಚಿದ ಕ್ಯಾನ್ವಾಸಿನಲ್ಲಿ ಖಾಲಿ ಬಿಟ್ಟ ಜಾಗವನ್ನು ಜನರು ‘ಇನ್ನೂ ಮುಗಿದಿಲ್ಲ’ ಎಂದು ಓದುತ್ತಾರೆ. ಇಲ್ಲಿ ಬಣ್ಣ ಬಿದ್ದಲ್ಲಿಯೂ ಬೀಳದಲ್ಲಿಯೂ ಇರುವುದು ಅದೇ ಬಟ್ಟೆ, ಅದೇ ನೇಯ್ಗೆ. ಆದ್ದರಿಂದ ಖಾಲಿ ಜಾಗ ಹಿನ್ನೆಲೆಯಾಗಿ ಹಿಂದಕ್ಕೆ ಸರಿಯದೆ ಬಣ್ಣದ ಸಮಕ್ಕೆ ಬಂದು ನಿಲ್ಲುತ್ತದೆ, ಬೆಳಕಾಗಿ ಕೆಲಸ ಮಾಡುತ್ತದೆ. ಜಲವರ್ಣದಲ್ಲಿ ಕಾಗದದ ಬಿಳುಪು ಮಾಡುವ ಕೆಲಸವನ್ನು ತೈಲವರ್ಣದಲ್ಲಿ, ಅದೂ ಸುಮಾರು ಮೂರು ಮೀಟರ್ ಅಗಲದ ಚಿತ್ರದಲ್ಲಿ, ಮಾಡಿ ತೋರಿಸಿದ್ದೇ ಹೊಸತು ಎಂದು ನನ್ನ ಅಭಿಪ್ರಾಯ.

ತುಂಗಾತೀರ

ವಿವರಣೆ ಚೆನ್ನಾಗಿದೆ, ಇದ್ದಿಲುಗೆರೆಯವರೇ. ಆದರೂ ನನ್ನ ಅನುಮಾನವನ್ನು ಮುಚ್ಚಿಡುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಮಗಳು. ಮ್ಯಾನ್‌ಹಟನ್ನಿನ ಅನುಕೂಲಸ್ಥ ಮನೆತನ. ಡಾಲ್ಟನ್ ಶಾಲೆಯಲ್ಲಿ ಮೆಕ್ಸಿಕೋದ ರುಫಿನೊ ತಮಾಯೊ ಅವರಂಥ ಕಲಾವಿದರಿಂದಲೇ ಪಾಠ. 1949ರಲ್ಲಿ ಬೆನಿಂಗ್ಟನ್ ಕಾಲೇಜಿನ ಪದವಿ. ಮರುವರ್ಷವೇ ಆ ಕಾಲದ ಅತ್ಯಂತ ಪ್ರಭಾವಿ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಅವರ ಒಡನಾಟ, ಅದೂ ಸುಮಾರು ಐದು ವರ್ಷ ಉಳಿದ ಪ್ರೇಮಸಂಬಂಧ. ಪೊಲಾಕ್ ಮನೆಗೆ ಕರೆದೊಯ್ದವರೂ ಅವರೇ. ಇಷ್ಟು ಬಾಗಿಲುಗಳು ತೆರೆದೇ ಇದ್ದವರು ಬಟ್ಟೆಯ ಮೇಲೆ ಬಣ್ಣ ಚೆಲ್ಲಿದರೆ ಅದು ಕ್ರಾಂತಿಯಾಗುತ್ತದೆ. ಯಾರೂ ಅರಿಯದ ಹುಡುಗಿಯೊಬ್ಬಳು ಅದನ್ನೇ ಮಾಡಿದ್ದರೆ ಮನೆಯವರು ಬಟ್ಟೆ ಹಾಳಾಯಿತೆಂದು ಬೈದು ಸುಮ್ಮನಾಗುತ್ತಿದ್ದರು. ಅಲ್ಲದೆ, ಸುರಿದ ಬಣ್ಣ ತಾನೇ ಹರಿದು ತಾನೇ ನಿಂತರೆ ಅದರಲ್ಲಿ ಕಲಾವಿದೆಯ ಪಾಲು ಎಷ್ಟು, ಆಕಸ್ಮಿಕದ ಪಾಲು ಎಷ್ಟು?

ಪೊಟೊಮ್ಯಾಕ್ ಕನ್ನಡಿಗ

ನಾನಿರುವುದು ವಾಷಿಂಗ್ಟನ್ನಿನ ಹತ್ತಿರ. ‘ಮೌಂಟನ್ಸ್ ಅಂಡ್ ಸೀ’ ಇಲ್ಲಿನ ನ್ಯಾಷನಲ್ ಗ್ಯಾಲರಿಗೆ ದೀರ್ಘಾವಧಿಯ ಎರವಲಾಗಿ ಬಂದ ಚಿತ್ರವಾದ್ದರಿಂದ ಅದನ್ನು ಎದುರಿನಲ್ಲೇ ನಿಂತು ನೋಡುವ ಅವಕಾಶ ಸಿಕ್ಕಿದೆ. ತುಂಗಾತೀರ ಅವರು ಕೇಳಿದ ಆಕಸ್ಮಿಕದ ಪ್ರಶ್ನೆಗೆ ಆ ಚಿತ್ರದಲ್ಲೇ ಒಂದು ಸಾಕ್ಷ್ಯವಿದೆ. ಪುಸ್ತಕದ ಸಣ್ಣ ಮುದ್ರಣಗಳಲ್ಲಿ ಅದು ಸರಿಯಾಗಿ ಕಾಣಿಸುವುದೇ ಇಲ್ಲ.

ಚಿತ್ರದ ಎತ್ತರ ಸುಮಾರು 220 ಸೆಂಟಿಮೀಟರ್, ಅಗಲ ಸುಮಾರು 298. ನಸುಗೆಂಪು, ತಿಳಿನೀಲಿ, ಹಸಿರು ಬಣ್ಣಗಳ ಹರಹುಗಳ ನಡುವೆ ಇದ್ದಿಲಿನ ಗೆರೆಗಳು ಸ್ಪಷ್ಟವಾಗಿ ಓಡಾಡುತ್ತವೆ. ಬಣ್ಣ ಸುರಿಯುವ ಮೊದಲೇ ಆಕೆ ಇದ್ದಿಲಿನಿಂದ ಕೆಲವು ಹಗುರ ಗೆರೆಗಳನ್ನು ಎಳೆದುಕೊಂಡಿದ್ದರು. ಆಮೇಲೆ ಬಣ್ಣ ಕೆಲವೆಡೆ ಆ ಗೆರೆಯನ್ನು ಪಾಲಿಸುತ್ತದೆ, ಕೆಲವೆಡೆ ಅದನ್ನು ದಾಟಿ ಹೋಗುತ್ತದೆ, ಇನ್ನು ಕೆಲವೆಡೆ ಗೆರೆಯ ಹತ್ತಿರಕ್ಕೂ ಬಾರದೆ ದೂರ ನಿಲ್ಲುತ್ತದೆ. ಸಂಪೂರ್ಣ ಆಕಸ್ಮಿಕಕ್ಕೆ ಇಂಥ ಗೆರೆಗಳ ಅಗತ್ಯವೇ ಇರುವುದಿಲ್ಲ. ಕೆನಡಾದ ನೋವಾ ಸ್ಕೋಷಿಯಾಕ್ಕೆ, ಅಲ್ಲಿನ ಕೇಪ್ ಬ್ರೆಟನ್ ದ್ವೀಪಕ್ಕೆ, ಅದೇ 1952ರ ಬೇಸಿಗೆಯಲ್ಲಿ ಹೋಗಿ, ಕಡಲಿಗಿಳಿಯುವ ಬೆಟ್ಟಗಳನ್ನು ಎದುರಿಗಿಟ್ಟುಕೊಂಡು ಆಕೆ ಜಲವರ್ಣದಲ್ಲಿ ಚಿತ್ರಿಸಿದ್ದರು. ನ್ಯೂಯಾರ್ಕಿಗೆ ಮರಳಿ ಈ ಚಿತ್ರ ಮಾಡುವಾಗ ಆ ಭೂದೃಶ್ಯ ತನ್ನ ತೋಳುಗಳಲ್ಲಿ ಇತ್ತು ಎಂಬರ್ಥದ ಮಾತನ್ನು ಮುಂದೆ ಆಕೆಯೇ ಹೇಳಿದ್ದಾರೆ. ಎಂದರೆ ಮೊದಲು ನೋಟ, ಬಳಿಕ ಕಾಗದದ ಮೇಲಿನ ಅಭ್ಯಾಸ, ಆಮೇಲೆ ಮೈಯ ನೆನಪು, ಕೊನೆಗೆ ನೆಲದ ಮೇಲಿನ ಸುರಿತ. ಜಲವರ್ಣದ ನಂಟನ್ನು ಇದ್ದಿಲುಗೆರೆಯವರು ಚಿತ್ರವನ್ನು ನೋಡಿ ಊಹಿಸಿದಂತಿದೆ. ಅದು ಆಕೆಯ ಆ ವರ್ಷದ ದಿನಚರಿಯಲ್ಲಿಯೇ ಇದೆ.

ಇನ್ನು ಬಾಗಿಲುಗಳ ವಿಷಯ. ಅನುಕೂಲಗಳಿದ್ದುದು ನಿಜ, ಅದನ್ನು ಅಲ್ಲಗಳೆಯಲಾಗದು. ಆದರೆ ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಹರೆಯದ ಬಹುಕಾಲವನ್ನು ತೀವ್ರ ತಲೆನೋವು ಮತ್ತು ಕಳವಳದಲ್ಲಿ ಕಳೆದ ಹುಡುಗಿಯೂ ಆಕೆಯೇ. ಈ ಚಿತ್ರ 1953ರ ಆರಂಭದಲ್ಲಿ ಟಿಬೊರ್ ಡಿ ನಾಜ್ ಗ್ಯಾಲರಿಯಲ್ಲಿ ಪ್ರದರ್ಶನಗೊಂಡಾಗ ಯಾರೂ ಹೂಮಾಲೆ ಹಾಕಲಿಲ್ಲ. ಬಣ್ಣ ಒರೆಸಿದ ದೊಡ್ಡ ಚಿಂದಿಯಂತಿದೆ ಎಂದು ಆಡಿಕೊಂಡವರಿದ್ದರು. ಚಿತ್ರ ಮಾರಾಟವಾಗದೆ ಆಕೆಯ ಬಳಿಯೇ ಉಳಿಯಿತು, ಈಗಲೂ ಆಕೆಯ ಹೆಸರಿನ ಪ್ರತಿಷ್ಠಾನದ ಒಡೆತನದಲ್ಲಿದೆ. ತೆರೆದ ಬಾಗಿಲುಗಳಿಂದ ಚಿತ್ರ ಗ್ಯಾಲರಿಯ ಗೋಡೆಯನ್ನು ತಲುಪಿತು, ಅಷ್ಟೆ. ನೋಡಿದವರನ್ನು ಒಪ್ಪಿಸುವ ಕೆಲಸವನ್ನು ಆ ಬಾಗಿಲುಗಳು ಮಾಡಲಿಲ್ಲ.

ಇದ್ದಿಲುಗೆರೆ

ಆಕಸ್ಮಿಕದ ಬಗ್ಗೆ ಒಂದು ಮಾತು ಸೇರಿಸಬೇಕು. ಬೆನಿಂಗ್ಟನ್ನಿನಲ್ಲಿ ಪಾಲ್ ಫೀಲಿ ಅವರ ಬಳಿ ಆಕೆ ಕಲಿತದ್ದು ಘನಾಕೃತಿವಾದದ (ಕ್ಯೂಬಿಸಂ) ಕಟ್ಟುನಿಟ್ಟಿನ ವಿಶ್ಲೇಷಣೆ: ಚಿತ್ರದ ಯಾವ ಭಾಗ ಮುಂದೆ ಬರುತ್ತದೆ, ಯಾವುದು ಹಿಂದೆ ಸರಿಯುತ್ತದೆ, ಅಂಚು ಎಲ್ಲಿ ಬಿಗಿಯುತ್ತದೆ ಎಂದು ಅಂಗುಲ ಅಂಗುಲವಾಗಿ ಬಿಡಿಸಿ ನೋಡುವ ಶಿಸ್ತು ಅದು. 1950ರ ಬೇಸಿಗೆಯಲ್ಲಿ ಪ್ರಾವಿನ್ಸ್‌ಟೌನಿನಲ್ಲಿ ಕೆಲವು ವಾರ ಹಾನ್ಸ್ ಹಾಫ್‌ಮನ್ ಅವರ ತರಗತಿಗೂ ಹೋಗಿದ್ದರು. ಸುರಿಯುವ ಮೊದಲು ಕಣ್ಣು ಇಷ್ಟು ಪಳಗಿತ್ತು.

ಇಂಗಿಸುವ ವಿಧಾನದಲ್ಲಿ ತಿದ್ದುವ ಅವಕಾಶ ಇಲ್ಲವೆಂದೇ ಹೇಳಬಹುದು ಎಂಬುದನ್ನು ತುಂಗಾತೀರ ಅವರು ಗಮನಿಸಬೇಕು. ಲೇಪದ ಮೇಲಿನ ತೈಲವರ್ಣವನ್ನು ಕೆರೆದು ತೆಗೆಯಬಹುದು, ಮೇಲೆ ಇನ್ನೊಂದು ಪದರ ಹಚ್ಚಿ ಮುಚ್ಚಬಹುದು. ಬಟ್ಟೆಗಿಳಿದ ಬಣ್ಣವನ್ನು ಮರಳಿ ತೆಗೆಯಲಾಗದು. ಮೇಲೆ ಮತ್ತೆ ಮತ್ತೆ ಸುರಿದರೆ ಬಣ್ಣ ಕೊಳೆಯಾಗಿ, ಬಟ್ಟೆಯ ಬೆಳಕು ಸತ್ತುಹೋಗುತ್ತದೆ. ಆಗ ಉಳಿಯುವ ದಾರಿಗಳು ಎರಡು: ಸರಿಹೋಗದ ಭಾಗವನ್ನು ಕತ್ತರಿಸಿ ಚಿತ್ರದ ಅಂಚನ್ನೇ ಬದಲಿಸುವುದು, ಇಲ್ಲವೇ ಇಡೀ ಚಿತ್ರವನ್ನು ಎಸೆಯುವುದು. ಆಕೆ ಎರಡನ್ನೂ ಮಾಡುತ್ತಿದ್ದರು. ಒಳ್ಳೆಯ ಚಿತ್ರವೆಂದರೆ ಒಂದೇ ಸಲಕ್ಕೆ ಆದಂತೆ ಕಾಣಬೇಕು, ಹಾಗೆ ಕಾಣುವುದಕ್ಕೆ ಮೊದಲು ಎಷ್ಟೋ ಚಿತ್ರಗಳು ಸೋತಿರಬಹುದು ಎಂಬುದು ಆಕೆಯ ನಿಲುವಾಗಿತ್ತು. ಗ್ಯಾಲರಿಯಲ್ಲಿ ನಾವು ನೋಡುವುದು ಉಳಿದವನ್ನು ಮಾತ್ರ.

ರಸಾಯನದ ಮೇಷ್ಟ್ರು

ನಾನು ಕಲಾವಿದನಲ್ಲ, ರಸಾಯನಶಾಸ್ತ್ರ ಕಲಿಸಿದವನು. ಆದರೆ ಈ ವಿಧಾನಕ್ಕೆ ತೆರಬೇಕಾದ ಬೆಲೆಯ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲವಾದ್ದರಿಂದ ಮಧ್ಯೆ ಬಾಯಿ ಹಾಕುತ್ತಿದ್ದೇನೆ.

ಹಿಂದಿನವರು ಸರೇಸು ಮತ್ತು ಬಿಳಿ ಲೇಪವನ್ನು ಹಚ್ಚುತ್ತಿದ್ದುದು ಅಂದಕ್ಕಾಗಿ ಅಲ್ಲ, ಬಟ್ಟೆಯನ್ನು ಎಣ್ಣೆಯಿಂದ ಕಾಪಾಡುವುದಕ್ಕಾಗಿ. ತೈಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಅಗಸೆ ಎಣ್ಣೆ. ಅದು ನೀರು ಆವಿಯಾದಂತೆ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಈ ಕ್ರಿಯೆ ವರ್ಷಗಟ್ಟಲೆ ನಿಧಾನವಾಗಿ ನಡೆಯುತ್ತಲೇ ಇರುತ್ತದೆ, ಆಮ್ಲೀಯ ಪದಾರ್ಥಗಳನ್ನು ಉಂಟುಮಾಡುತ್ತಲೂ ಇರುತ್ತದೆ. ಹತ್ತಿಯ ನೂಲು ಎಂದರೆ ಸೆಲ್ಯುಲೋಸ್. ಆಮ್ಲ ಮತ್ತು ಉತ್ಕರ್ಷಣ ಎರಡೂ ಅದರ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತವೆ. ಬಟ್ಟೆ ಹಳದಿಯಾಗುತ್ತದೆ, ಗಡುಸಾಗುತ್ತದೆ, ಕೊನೆಗೆ ಪುಡಿಯಾಗುವ ಸ್ಥಿತಿಗೂ ಬರಬಹುದು. ಲೇಪವೆಂಬ ಗೋಡೆಯನ್ನು ತೆಗೆದುಹಾಕಿದ ಕೂಡಲೇ ಕಲಾವಿದೆ ಈ ಅಪಾಯವನ್ನೂ ಒಪ್ಪಿಕೊಂಡಂತಾಯಿತು.

ಇನ್ನೊಂದು ಪರಿಣಾಮವನ್ನು ಕಣ್ಣಿನಿಂದಲೇ ನೋಡಬಹುದು. ಟರ್ಪೆಂಟೈನ್ ಬೆರೆತ ಬಣ್ಣ ಬಟ್ಟೆಯಲ್ಲಿ ಹರಡುವಾಗ ಪುಡಿಯ ಕಣಗಳು ನೂಲುಗಳ ನಡುವೆ ಸಿಕ್ಕಿಕೊಂಡು ಬೇಗ ನಿಂತುಬಿಡುತ್ತವೆ, ಎಣ್ಣೆ ಮಾತ್ರ ಇನ್ನಷ್ಟು ದೂರ ಸಾಗುತ್ತದೆ. ಹೀಗಾಗಿ ಪ್ರತಿ ಬಣ್ಣದ ಸುತ್ತಲೂ ಎಣ್ಣೆಯದೇ ಒಂದು ಮಂಕು ಬಳೆ ಮೂಡುತ್ತದೆ, ವಯಸ್ಸಾದಂತೆ ಅದು ಇನ್ನಷ್ಟು ಕಂದಾಗುತ್ತದೆ. ‘ಮೌಂಟನ್ಸ್ ಅಂಡ್ ಸೀ’ಯಲ್ಲಿಯೂ ಅದು ಇದೆ ಎಂದು ಓದಿದ್ದೇನೆ, ಪೊಟೊಮ್ಯಾಕ್ ಅವರು ಮುಂದಿನ ಸಲ ಹೋದಾಗ ನೋಡಿ ತಿಳಿಸಬೇಕು.

ಫ್ರ್ಯಾಂಕೆನ್‌ಥಾಲರ್ 1960ರ ದಶಕದ ಮೊದಲ ವರ್ಷಗಳಲ್ಲಿ ಅಕ್ರಿಲಿಕ್ ಬಣ್ಣಗಳ ಕಡೆಗೆ ತಿರುಗಿದರು. ನೀರಿನಲ್ಲಿ ಕರಗಿಸುವ ಅಕ್ರಿಲಿಕ್ಕಿನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಅತಿಸೂಕ್ಷ್ಮ ಪ್ಲಾಸ್ಟಿಕ್ ಹನಿಗಳು. ನೀರು ಆವಿಯಾದಾಗ ಅವು ಒಂದಕ್ಕೊಂದು ಕೂಡಿಕೊಂಡು ಪೊರೆಯಾಗುತ್ತವೆ. ಎಣ್ಣೆಯಂತೆ ಹೊರಕ್ಕೆ ಸೋರಿ ಬಳೆಯಾಗುವುದಿಲ್ಲ, ಬಟ್ಟೆಯನ್ನು ಎಣ್ಣೆಯಷ್ಟು ಕೆಡಿಸುವುದೂ ಇಲ್ಲ. ಡೆಟ್ರಾಯಿಟ್ ಕಲಾ ಸಂಗ್ರಹಾಲಯದಲ್ಲಿರುವ 1963ರ ‘ದಿ ಬೇ’ ಈ ಘಟ್ಟದ ಚಿತ್ರ. ಅದರ ದೊಡ್ಡ ನೀಲಿಯ ಅಂಚನ್ನು 1952ರ ಚಿತ್ರದ ಅಂಚುಗಳೊಂದಿಗೆ ಹೋಲಿಸಿದರೆ ರಸಾಯನದ ಬದಲಾವಣೆ ಚಿತ್ರದ ಸ್ವಭಾವವನ್ನೇ ಹೇಗೆ ಬದಲಿಸಿತು ಎಂಬುದು ತಿಳಿಯುತ್ತದೆ. ಅಕ್ರಿಲಿಕ್ ಹೆಚ್ಚು ಉಜ್ವಲ, ಹೆಚ್ಚು ನಿಖರ. ತೈಲದಲ್ಲಿದ್ದ ಆ ಹಿಂಜರಿಕೆಯ ಅಂಚು ಮಾತ್ರ ಅಲ್ಲಿ ಸಿಗುವುದಿಲ್ಲ.

ಬಿಳಿಹಾಳೆ

ಮೇಷ್ಟ್ರೇ, ಬಹಳ ಉಪಕಾರವಾಯಿತು. ‘ದಿ ಬೇ’ ಚಿತ್ರಕ್ಕೆ 2006ರಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಹನ್ನೆರಡು ವರ್ಷದ ಬಾಲಕನೊಬ್ಬ ಅಗಿದ ಚ್ಯೂಯಿಂಗ್ ಗಮ್ ಅಂಟಿಸಿದ್ದನಂತಲ್ಲ, ಲೇಪವಿಲ್ಲದ ಬಟ್ಟೆಯಾದ್ದರಿಂದ ಕಷ್ಟ ಹೆಚ್ಚಾಯಿತೇ?

ರಸಾಯನದ ಮೇಷ್ಟ್ರು

ಹೌದು, ಅಲ್ಲಿ ತೊಂದರೆ ಕೊಟ್ಟಿದ್ದು ಗಮ್ಮಿಗಿಂತ ಅದು ಬಿಟ್ಟುಹೋದ ಕಲೆ. ಗಮ್ ಬಿಡಿಸಿದ ಮೇಲೂ ಅದರ ಅಂಶ ನೂಲಿನೊಳಗೆ ಉಳಿದು ಒಂದು ನಾಣ್ಯದಗಲದ ಕಲೆಯಾಗಿತ್ತು. ವಾರ್ನಿಷ್ ಹಚ್ಚಿದ ಹಳೆಯ ತೈಲಚಿತ್ರವಾಗಿದ್ದರೆ ಕಲೆ ಮೇಲ್ಪದರದಲ್ಲೇ ನಿಲ್ಲುತ್ತಿತ್ತು. ಇಲ್ಲಿ ಬಣ್ಣ ಯಾವ ದಾರಿಯಲ್ಲಿ ಒಳಗಿಳಿಯಿತೋ ಕೊಳೆಯೂ ಅದೇ ದಾರಿಯಲ್ಲಿ ಇಳಿಯುತ್ತದೆ. ಸಂಗ್ರಹಾಲಯದ ಸಂರಕ್ಷಕರು ತಕ್ಕ ದ್ರಾವಕವನ್ನು ಹುಡುಕಿ ಅದನ್ನು ಶುದ್ಧಗೊಳಿಸಿದರು, ಚಿತ್ರ ಮತ್ತೆ ಗೋಡೆಗೆ ಬಂತು.

ತುಂಗಾತೀರ

ಆಕಸ್ಮಿಕದ ವಾದವನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಇದ್ದಿಲಿನ ಗೆರೆಗಳ ಸಾಕ್ಷ್ಯ ಬಲವಾಗಿದೆ. ಆದರೆ ಇನ್ನೊಂದು ಪ್ರಶ್ನೆ. ಬಣ್ಣವನ್ನು ಇಂಗಿಸುವ ವಿಧಾನವನ್ನು ಪೂರ್ಣವಾಗಿ ಬೆಳೆಸಿದವರು ಮಾರಿಸ್ ಲೂಯಿಸ್ ಎಂದೂ ಫ್ರ್ಯಾಂಕೆನ್‌ಥಾಲರ್ ಒಂದು ಸೇತುವೆ ಮಾತ್ರ ಎಂದೂ ಹಲವೆಡೆ ಓದಿದ್ದೇನೆ. ಆ ಮಾತನ್ನು ಆಡಿದವರು ಲೂಯಿಸ್ ಅವರೇ ಅಲ್ಲವೇ?

ಇದ್ದಿಲುಗೆರೆ

ಹೌದು, ಅವರೇ. ಪೊಲಾಕ್ ಅವರಿಗೂ ಮುಂದೆ ಸಾಧ್ಯವಿದ್ದುದಕ್ಕೂ ನಡುವೆ ಆಕೆ ಸೇತುವೆಯಾಗಿದ್ದರು ಎಂಬುದು ಅವರ ಮಾತಿನ ತಾತ್ಪರ್ಯ. ಅದರ ಹಿನ್ನೆಲೆ ಹೀಗಿದೆ. 1953ರ ಏಪ್ರಿಲಿನಲ್ಲಿ ಗ್ರೀನ್‌ಬರ್ಗ್ ವಾಷಿಂಗ್ಟನ್ನಿನಿಂದ ಬಂದಿದ್ದ ಇಬ್ಬರು ಚಿತ್ರಕಾರರನ್ನು, ಮಾರಿಸ್ ಲೂಯಿಸ್ ಮತ್ತು ಕೆನೆತ್ ನೋಲಂಡ್ ಅವರನ್ನು, ಆಕೆಯ ಸ್ಟುಡಿಯೋಗೆ ಕರೆದುಕೊಂಡು ಹೋದರು. ಇಬ್ಬರೂ ‘ಮೌಂಟನ್ಸ್ ಅಂಡ್ ಸೀ’ಯನ್ನು ನೋಡಿದರು, ಊರಿಗೆ ಮರಳಿ ತಮ್ಮ ಚಿತ್ರದ ದಾರಿಯನ್ನೇ ಬದಲಿಸಿದರು. ಲೂಯಿಸ್ ಆಗ ನಲವತ್ತು ದಾಟಿದವರು. ಮನೆಯ ಚಿಕ್ಕ ಊಟದ ಕೋಣೆಯಲ್ಲಿ, ಮ್ಯಾಗ್ನಾ ಎಂಬ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿಸಿ, ಕ್ಯಾನ್ವಾಸಿನ ಮೇಲೆ ತೆರೆತೆರೆಯಾಗಿ ಇಳಿಬಿಟ್ಟು 1954ರಲ್ಲಿ ‘ವೇಲ್’ (ಮುಸುಕು) ಸರಣಿಯನ್ನು ಶುರುಮಾಡಿದರು. 1962ರಲ್ಲಿ 49ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಮೊದಲು ಅಸಾಧಾರಣ ಕೆಲಸ ಮಾಡಿದರು. ಅವರ ದೊಡ್ಡತನದ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಆ ಮಾತನ್ನು ಆಮೇಲಿನವರು ಬಳಸಿದ ರೀತಿಯ ಬಗ್ಗೆ. ಕೃತಜ್ಞತೆಯಿಂದ ಆಡಿದ ಮಾತೊಂದು ಚರಿತ್ರೆಯ ಅಧ್ಯಾಯದಲ್ಲಿ ಆಕೆಯ ಜಾಗವನ್ನೇ ಕಿರಿದಾಗಿಸಿತು. ಗ್ರೀನ್‌ಬರ್ಗ್ 1960ರಲ್ಲಿ ಲೂಯಿಸ್ ಮತ್ತು ನೋಲಂಡ್ ಬಗ್ಗೆ ಬರೆದ ಹೆಸರುವಾಸಿ ಪ್ರಬಂಧದಲ್ಲಿ ಆಕೆಯ ಚಿತ್ರ ಬರುವುದು ಲೂಯಿಸ್ ಅವರ ದಿಕ್ಕು ಬದಲಿಸಿದ ಸಂಗತಿಯಾಗಿ. ಚಿತ್ರವನ್ನು ‘ಅಸಾಧಾರಣ’ ಎಂದೇ ಹೇಳಿ ಮುಂದಕ್ಕೆ ಹೋಗುತ್ತಾರೆ. ಆಕೆಯ ಬಗ್ಗೆಯೇ ಅಂಥದೊಂದು ಪ್ರಬಂಧವನ್ನು ಅವರು ಬರೆಯಲಿಲ್ಲ. ಬಾಗಿಲು ತೆರೆದವರೆಂದು ತುಂಗಾತೀರ ಅವರು ಹೇಳಿದ ವಿಮರ್ಶಕರೇ ಆಕೆಯನ್ನು ಹೊಸ್ತಿಲಲ್ಲಿ ನಿಲ್ಲಿಸಿದರು ಎಂದರೂ ತಪ್ಪಾಗದು.

ಲೂಯಿಸ್ ಮತ್ತು ಫ್ರ್ಯಾಂಕೆನ್‌ಥಾಲರ್ ಇಬ್ಬರೂ ಒಂದೇ ದಾರಿಯ ಹಿಂದುಮುಂದಿನ ಮೈಲಿಗಲ್ಲುಗಳಲ್ಲ. ಲೂಯಿಸ್ ಒಂದು ವಿನ್ಯಾಸವನ್ನು ಹಿಡಿದು ಅದನ್ನೇ ಸರಣಿಯಾಗಿ ಬೆಳೆಸುತ್ತಾರೆ. ಅಲ್ಲಿ ಗೆರೆಯಿಲ್ಲ, ಬಣ್ಣದ ಹರಿವೇ ಎಲ್ಲ. ಫ್ರ್ಯಾಂಕೆನ್‌ಥಾಲರ್ ಗೆರೆಯನ್ನು ಬಿಟ್ಟುಕೊಡುವುದಿಲ್ಲ, ಭೂದೃಶ್ಯದ ನೆನಪನ್ನೂ ಬಿಟ್ಟುಕೊಡುವುದಿಲ್ಲ. 1956ರ ‘ಈಡನ್’ ಚಿತ್ರದಲ್ಲಿ ನಡುವೆ ‘100’ ಎಂಬ ಅಂಕಿ ಎರಡು ಸಲ ಬರುತ್ತದೆ, ಹಾವೂ ಇದೆ, ಮರಗಳೂ ಇವೆ. 1957ರ ‘ಜೇಕಬ್ಸ್ ಲ್ಯಾಡರ್’ 1959ರಲ್ಲಿ ಪ್ಯಾರಿಸಿನ ಮೊದಲ ಬಿಯೆನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನದಲ್ಲಿ) ಆಕೆಗೆ ಪ್ರಥಮ ಬಹುಮಾನ ತಂದಿತು. ಅದರಲ್ಲಿ ಇಂಗಿದ ಬಣ್ಣದ ಜೊತೆಗೆ ಚಿಮ್ಮಿದ ಹನಿಗಳೂ ಬರಹದಂಥ ಗೀಟುಗಳೂ ಒಂದೇ ಬಟ್ಟೆಯ ಮೇಲೆ ಜಗಳವಾಡುತ್ತವೆ. ಆ ಜಗಳವೇ ನನಗೆ ಲೂಯಿಸ್ ಅವರ ಶುದ್ಧ ಹರಿವಿಗಿಂತ ಹೆಚ್ಚು ಪ್ರಿಯ. ಇದು ನನ್ನ ರುಚಿ, ತೀರ್ಪಲ್ಲ.

ಪೊಟೊಮ್ಯಾಕ್ ಕನ್ನಡಿಗ

ಇದ್ದಿಲುಗೆರೆಯವರ ಮಾತಿಗೆ ಪೂರಕವಾಗಿ ಒಂದು ವಿಷಯ. ಆಕೆಯ ಚಿತ್ರಗಳ ಬಗ್ಗೆ ಬರೆದವರಲ್ಲಿ ಅನೇಕರು ‘ಕೋಮಲ’, ‘ಸ್ತ್ರೀಸಹಜ’, ‘ಕಾವ್ಯಮಯ’ ಎಂಬ ವಿಶೇಷಣಗಳನ್ನೇ ಬಳಸಿದರು. ಅದೇ ರೀತಿಯಲ್ಲಿ ಬಣ್ಣ ಇಂಗಿಸಿದ ಲೂಯಿಸ್ ಅವರಿಗೆ ಆ ವಿಶೇಷಣಗಳು ಅಷ್ಟು ಸುಲಭವಾಗಿ ಅಂಟಲಿಲ್ಲ. 1951ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ‘ನೈಂತ್ ಸ್ಟ್ರೀಟ್’ ಕಲಾಪ್ರದರ್ಶನದಲ್ಲಿ ಭಾಗವಹಿಸಿದ ಬೆರಳೆಣಿಕೆಯ ಹೆಂಗಸರಲ್ಲಿ ಲೀ ಕ್ರಾಸ್ನರ್, ಜೋನ್ ಮಿಚೆಲ್, ಗ್ರೇಸ್ ಹಾರ್ಟಿಗನ್, ಇಲೇನ್ ಡಿ ಕೂನಿಂಗ್ ಅವರೊಂದಿಗೆ ಈಕೆಯೂ ಇದ್ದರು. ಆದರೂ ‘ಮಹಿಳಾ ಚಿತ್ರಕಾರ್ತಿ’ ಎಂಬ ಹಣೆಪಟ್ಟಿಯನ್ನು ಆಕೆ ಕೊನೆಯವರೆಗೂ ಒಪ್ಪಲಿಲ್ಲ. 1958ರಲ್ಲಿ ಚಿತ್ರಕಾರ ರಾಬರ್ಟ್ ಮದರ್‌ವೆಲ್ ಅವರನ್ನು ಮದುವೆಯಾದಾಗ ಇಬ್ಬರೂ ಸಿರಿವಂತ ಹಿನ್ನೆಲೆಯವರಾದ್ದರಿಂದ ‘ಬಂಗಾರದ ಜೋಡಿ’ ಎಂಬ ಹೆಸರು ಬಂತು. 1971ರಲ್ಲಿ ಬೇರೆಯಾದರು. ಆ ನಡುವೆ 1966ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಅಮೆರಿಕದ ನಾಲ್ವರು ಪ್ರತಿನಿಧಿಗಳಲ್ಲಿ ಒಬ್ಬರಾದರು, 1969ರಲ್ಲಿ ವಿಟ್ನಿ ಸಂಗ್ರಹಾಲಯ ಆಕೆಯ ಕೃತಿಗಳ ಸಿಂಹಾವಲೋಕನ ಪ್ರದರ್ಶನವನ್ನು ನಡೆಸಿತು.

ಅಚ್ಚುಮನೆ

ಇಷ್ಟು ಹೊತ್ತು ಓದುತ್ತಲೇ ಇದ್ದೆ. ಆಕೆಯ ಅಚ್ಚುಗಳ ಬಗ್ಗೆ ಯಾರೂ ಮಾತೆತ್ತದೆ ಇರುವುದನ್ನು ನೋಡಿ ಬರೆಯಲೇಬೇಕಾಯಿತು. ನಾನು ಮರದಚ್ಚಿನ ಕೆಲಸ ಮಾಡುವವಳು. ಇಂಗುವ ಬಣ್ಣದ ಬಗ್ಗೆ ಆಕೆಗೆ ಇದ್ದ ಅರಿವು ಎಷ್ಟು ಆಳದ್ದು ಎಂಬುದಕ್ಕೆ ಕ್ಯಾನ್ವಾಸಿಗಿಂತ ಮರವೇ ದೊಡ್ಡ ಸಾಕ್ಷಿ ಎಂದು ನನಗೆ ಅನ್ನಿಸುತ್ತದೆ.

ಮರದಚ್ಚು ಮಾಧ್ಯಮವೇ ಹರಿವಿಗೆ ವಿರೋಧಿ. ಉಳಿಯಿಂದ ಕೆತ್ತಬೇಕು, ಉಬ್ಬಿದ ಭಾಗಕ್ಕೆ ಮಸಿ ಹಚ್ಚಬೇಕು, ಕಾಗದವನ್ನು ಒತ್ತಬೇಕು. ಅಂಚು ಖಡಾಖಂಡಿತ, ಪ್ರತಿ ಹಂತವೂ ನಿಧಾನ. ಅರೆಗಳಿಗೆಯಲ್ಲಿ ಹರಿದು ನಿಲ್ಲುವ ಬಣ್ಣದಿಂದ ಹೆಸರಾದವರು ಇದಕ್ಕೆ ಕೈಹಾಕುವುದೇ ವಿಚಿತ್ರ. ಆಕೆ 1973ರಲ್ಲಿ ಲಾಂಗ್ ಐಲೆಂಡಿನಲ್ಲಿ ತತ್ಯಾನಾ ಗ್ರೋಸ್‌ಮನ್ ನಡೆಸುತ್ತಿದ್ದ ಯೂನಿವರ್ಸಲ್ ಲಿಮಿಟೆಡ್ ಆರ್ಟ್ ಎಡಿಷನ್ಸ್ ಅಚ್ಚುಶಾಲೆಯಲ್ಲಿ ‘ಈಸ್ಟ್ ಅಂಡ್ ಬಿಯಾಂಡ್’ ಎಂಬ ಮರದಚ್ಚನ್ನು ಎಂಟು ಬಣ್ಣಗಳಲ್ಲಿ ಮಾಡಿದರು. ಒಂದೇ ಹಲಗೆಯ ಮೇಲೆ ಗೆರೆ ಕೆತ್ತುವ ಬದಲು, ಜಿಗ್‌ಸಾ ಗರಗಸದಿಂದ ಹಲಗೆಯನ್ನೇ ಆಕಾರಗಳಾಗಿ ಕೊಯ್ದು, ಒಂದೊಂದಕ್ಕೂ ಬೇರೆ ಬಣ್ಣ ಹಚ್ಚಿದರು. ಹಲಗೆಯನ್ನು ಕೊಯ್ಯುವುದನ್ನು ನಾರ್ವೆಯ ಎಡ್ವರ್ಡ್ ಮುಂಕ್ ಬಹಳ ಹಿಂದೆಯೇ ಮಾಡಿದ್ದರು. ಆದರೆ ಕೊಯ್ದ ತುಂಡುಗಳನ್ನು ಮತ್ತೆ ಜೋಡಿಸಿ ಅಚ್ಚೊತ್ತಿದಾಗ ನಡುವೆ ತೆಳ್ಳನೆಯ ಬಿಳಿಗೆರೆ ಉಳಿಯುತ್ತದೆ. ಮುಂಕ್ ಅವರ ಅಚ್ಚುಗಳಲ್ಲಿ ಆ ಗೆರೆ ಕಾಣುತ್ತದೆ, ಚೆನ್ನಾಗಿಯೂ ಇದೆ. ಫ್ರ್ಯಾಂಕೆನ್‌ಥಾಲರ್ ಅವರಿಗೆ ಅದು ಬೇಡವಾಗಿತ್ತು. ಬಣ್ಣ ಬಣ್ಣವನ್ನು ಮುಟ್ಟಬೇಕು, ನಡುವೆ ಬೇಲಿ ಇರಬಾರದು. ಮುದ್ರಕರೊಂದಿಗೆ ಹೆಣಗಾಡಿ ಆ ಗೆರೆಯನ್ನು ಇಲ್ಲವಾಗಿಸಿದರು. ಕ್ಯಾನ್ವಾಸಿನಲ್ಲಿ ಲೇಪವನ್ನು ತೆಗೆದುಹಾಕಿದ ಅದೇ ಬುದ್ಧಿ ಇಲ್ಲಿಯೂ ಕೆಲಸ ಮಾಡಿದ್ದು ಗಮನಕ್ಕೆ ಬಾರದಿರದು.

ಮುಂದೆ ಕೆನೆತ್ ಟೈಲರ್ ಅವರ ಅಚ್ಚುಶಾಲೆಯಲ್ಲಿ 1977ರಲ್ಲಿ ‘ಎಸೆನ್ಸ್ ಮಲ್ಬರಿ’ ಬಂತು. ಶಾಲೆಯ ಬಳಿ ಹಿಪ್ಪುನೇರಳೆ ಮರವಿತ್ತು. ಅದರ ಹಣ್ಣಿನ ರಸವನ್ನೇ ಕಾಗದದ ಮೇಲೆ ಹಚ್ಚಿ ನೋಡಿ, ಆ ಕೆಂಪು ತನಗೆ ಬೇಕೆಂದು ಆಕೆ ಹಟ ಹಿಡಿದರು. ಮರದ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ದಂತವೈದ್ಯರು ಬಳಸುವ ಸಲಕರಣೆಗಳಿಂದಲೂ ಗೀರಿ, ನಾರಿನ ಗೆರೆಗಳು ಮಸಿಯನ್ನು ಹೆಚ್ಚುಕಡಿಮೆ ಹಿಡಿಯುವಂತೆ ಮಾಡುವ ಒಂದು ರೂಢಿಯನ್ನೂ ಬೆಳೆಸಿಕೊಂಡಿದ್ದರು, ಅದಕ್ಕೆ ‘ಗಝೀಯಿಂಗ್’ ಎಂದು ತಾವೇ ಹೆಸರಿಟ್ಟಿದ್ದರು. ಕೊನೆಗೆ 2000ದ ‘ಮೇಡಂ ಬಟರ್‌ಫ್ಲೈ’. ಮೂರು ಹಾಳೆಗಳು ಸೇರಿ ಸುಮಾರು ಎರಡು ಮೀಟರ್ ಅಗಲ, 46 ಹಲಗೆಗಳು, 102 ಬಣ್ಣಗಳು. ಆಕೆ ಮೊದಲು ಮರದ ಹಲಗೆಗಳ ಮೇಲೆ ಬಣ್ಣದಲ್ಲಿ ಚಿತ್ರಿಸಿ ಕೊಟ್ಟರು, ಜಪಾನೀ ಪದ್ಧತಿಯಲ್ಲಿ ಪಳಗಿದ ಯಾಸುಯುಕಿ ಶಿಬಾಟಾ ಅದನ್ನು ಹಲಗೆಗಳಾಗಿ ಬಿಡಿಸಿದರು. ನೋಡಿದರೆ ಯಾರೋ ಒಂದು ಬಟ್ಟಲು ತಿಳಿಬಣ್ಣವನ್ನು ಕಾಗದದ ಮೇಲೆ ಈಗಷ್ಟೇ ಚೆಲ್ಲಿದಂತಿದೆ. ಆ ಒಂದು ಚೆಲ್ಲುವಿಕೆಗೆ 46 ಹಲಗೆಗಳು ಬೇಕಾದವು ಎಂಬುದನ್ನು ನನ್ನಂಥ ಕಸುಬಿನವರು ಮರೆಯಲಾರರು. ಆಕಸ್ಮಿಕದ ವಾದವನ್ನು ತುಂಗಾತೀರ ಅವರು ಬದಿಗಿಟ್ಟಿದ್ದಾರೆ, ಬಿಟ್ಟಿಲ್ಲ. ಅದಕ್ಕಾಗಿ ಇಷ್ಟು ಬರೆದೆ.

ತುಂಗಾತೀರ

ಅಚ್ಚುಮನೆಯವರೇ, ಈ ಅಚ್ಚುಗಳ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ, ಹುಡುಕಿ ನೋಡುತ್ತೇನೆ. ಆದರೆ ನಿಮ್ಮ ಮಾತಿನಿಂದಲೇ ಒಂದು ಹೊಸ ಸಂಶಯ ಹುಟ್ಟುತ್ತದೆ. ಆಕಸ್ಮಿಕದಂತೆ ಕಾಣುವುದನ್ನು 46 ಹಲಗೆಗಳಿಂದ ಕಟ್ಟಿ ತೋರಿಸುವುದು ತನ್ನದೇ ಹಳೆಯ ಚಿತ್ರದ ಅನುಕರಣೆಯಾಗುವುದಿಲ್ಲವೇ? 1952ರಲ್ಲಿ ಬಣ್ಣ ನಿಜವಾಗಿಯೂ ಹರಿಯಿತು. 2000ದಲ್ಲಿ ಹರಿದಂತೆ ನಟಿಸಿತು.

ಅಚ್ಚುಮನೆ

ನಟನೆ ಎನ್ನುವುದಾದರೆ ಇಡೀ ಮರದಚ್ಚಿನ ಪರಂಪರೆಯೇ ನಟನೆಯಾಗುತ್ತದೆ. ಜಪಾನಿನ ಅಚ್ಚುಗಾರರು ಕಡಲ ಅಲೆಯನ್ನು ಹಲಗೆಯಲ್ಲಿ ಕೆತ್ತಿದಾಗಲೂ ಅಲ್ಲಿ ನೀರಿರಲಿಲ್ಲ. ಇನ್ನೊಂದು ಸಂಗತಿ: ಆ ಅಚ್ಚಿನಲ್ಲಿ ಮರದ ನಾರು ಮುಚ್ಚಿಹೋಗಿಲ್ಲ. ತಿಳಿಬಣ್ಣದ ಹಿಂದೆ ಹಲಗೆಯ ಗೆರೆಗಳು ಎದ್ದು ಕಾಣುತ್ತವೆ, ಇದು ಮರ ಎಂದು ಒಪ್ಪಿಕೊಳ್ಳುತ್ತವೆ. ಕ್ಯಾನ್ವಾಸಿನಲ್ಲಿ ನೇಯ್ಗೆಯನ್ನು ಮರೆಮಾಡದಂತೆಯೇ ಇಲ್ಲಿ ನಾರನ್ನೂ ಆಕೆ ಮರೆಮಾಡಲಿಲ್ಲ. ಮರವನ್ನು ಬಟ್ಟೆಯೆಂದು ನಂಬಿಸುವ ಉದ್ದೇಶವಿದ್ದಿದ್ದರೆ ಮೊದಲು ಅಳಿಸಬೇಕಾದುದು ಅದನ್ನೇ ಆಗಿತ್ತು.

ಬಿಳಿಹಾಳೆ

ಇದ್ದಿಲುಗೆರೆಯವರೇ, ಕೊನೆಯದಾಗಿ ಒಂದು ಪ್ರಶ್ನೆ. 1970ರ ದಶಕದ ನಂತರದ ಕೆಲವು ಕ್ಯಾನ್ವಾಸುಗಳಲ್ಲಿ ದಪ್ಪ ಬಣ್ಣದ ಗಡ್ಡೆಗಳು ಮೇಲೆದ್ದು ನಿಂತಿರುವುದನ್ನು ಚಿತ್ರಪುಸ್ತಕಗಳಲ್ಲಿ ಕಂಡೆ. ಹಾಗಾದರೆ ಆಕೆ ತಮ್ಮದೇ ವಿಧಾನವನ್ನು ಕೈಬಿಟ್ಟರೇ?

ಇದ್ದಿಲುಗೆರೆ

ಕೈಬಿಡಲಿಲ್ಲ, ಅದರ ಮೇಲೆ ಹೊರೆ ಹಾಕಿ ಪರೀಕ್ಷಿಸಿದರು ಎನ್ನಬಹುದು. 1974ರಿಂದ ಆಕೆ ಕನೆಕ್ಟಿಕಟ್ಟಿನ ಕಡಲಂಚಿನ ಶಿಪ್ಪನ್ ಪಾಯಿಂಟಿನಲ್ಲಿಯೂ ಕೆಲಸ ಮಾಡುತ್ತಿದ್ದರು; ನೀರಿನ ಅಡ್ಡಗೆರೆ, ದಿಗಂತ, ಮಬ್ಬು ಆಗಿನ ಚಿತ್ರಗಳಿಗೆ ಬಂದವು. 1980ರ ದಶಕದ ಹಲವು ಕ್ಯಾನ್ವಾಸುಗಳಲ್ಲಿ ಅಡಿಯಲ್ಲಿ ವಿಶಾಲವಾಗಿ ಇಂಗಿದ ಒಂದೇ ಬಣ್ಣ, ಮೇಲೆ ಅಲ್ಲೊಂದು ಇಲ್ಲೊಂದು ಗಟ್ಟಿ ಬಣ್ಣದ ಮುದ್ದೆ ಇರುತ್ತದೆ. ಕೆಲವು ಚಿತ್ರಗಳಲ್ಲಿ ಆ ಮುದ್ದೆ ಬೇಡವಾಗಿತ್ತೆಂದೇ ನನಗೆ ಅನ್ನಿಸುತ್ತದೆ, ಅಡಿಯ ಬಣ್ಣಕ್ಕೆ ಅದು ಅಡ್ಡ ಬರುತ್ತದೆ. ಇನ್ನು ಕೆಲವದರಲ್ಲಿ ಒಳಗಿಳಿದ ಬಣ್ಣ ಎಷ್ಟು ಆಳದ್ದೆಂದು ತಿಳಿಯುವುದೇ ಮೇಲೆ ಕುಳಿತ ಆ ಮುದ್ದೆಯಿಂದ. ಎರಡನ್ನೂ ಒಂದೇ ಗೋಡೆಯ ಮೇಲೆ ನೋಡುವ ಅವಕಾಶ ಪೊಟೊಮ್ಯಾಕ್ ಅವರಿಗೆ ಸಿಕ್ಕರೆ, 1973ರ ‘ನೇಚರ್ ಅಬ್ಹಾರ್ಸ್ ಎ ವ್ಯಾಕ್ಯೂಮ್’ ಕೂಡ ಅದೇ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿದೆ, ಅದರಿಂದ ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ. ಅದರಲ್ಲಿ ಮುದ್ದೆಗಳಿಲ್ಲ. ಅಕ್ರಿಲಿಕ್ಕಿನಲ್ಲಿ ಇಂಗಿಸುವ ವಿಧಾನ ಎಲ್ಲಿಯವರೆಗೆ ಹೋಗಬಲ್ಲದೆಂಬುದನ್ನು ನೋಡಲು ಅದು ಒಳ್ಳೆಯ ಚಿತ್ರ; ಮೇಷ್ಟ್ರು ಹೇಳಿದ ಎಣ್ಣೆಯ ಬಳೆಯನ್ನು 1952ರ ಚಿತ್ರದಲ್ಲಿ ನೋಡಿದ ಕಣ್ಣಿನಿಂದಲೇ ಇದರ ಅಂಚುಗಳನ್ನೂ ನೋಡಿ ಬರೆಯಿರಿ.